ಮಂಡಕ್ಕಿ ಚೀಲದಲ್ಲಿ ಬಂದ ಕಾರ್ಡು

ಏ ತಿಮ್ಮೇಶ, ಮೊದ್ಲು ನೀನೇ ಕೇಳಲೇ. ಉಳಿದೋರೂ ಕೇಳ್ರಿ. ಹಯಾತ್ ಸಾಬಗೆ ವಯಸ್ಸಾತು, ಮರೆವು ಬಂತು, ಕಂಪ್ಯೂಟರ್ ಸುಟ್ಟಿದ್ದೂ ನೆನಪಿಲ್ಲ ಅಂತ ಈ ಡ್ರೈವರ್ ಗ್ರೂಪಿನಾಗೆ ಯಾರ್ಯಾರು ಹಾಕೀರಿ, ಎಲ್ಲ ನೋಡೀನಿ. ಲೇ, ಹರಿಹರದಿಂದ ಮಂಗಳೂರಿನ ತನಕ ಯಾವ ತಿರುವಿನಾಗೆ ಯಾವ ಹೋಟ್ಲು ಐತೆ, ಯಾವ ಹೋಟ್ಲಿನಾಗೆ ಮೊನ್ನೆ ಸಾಂಬಾರಿಗೆ ಇವತ್ತು ನೀರು ಹಾಕ್ತಾರೆ ಅಂತ ಕಣ್ಮುಚ್ಚಿ ಹೇಳ್ತೀನಿ. ನೀನು ನಿನ್ನೆ ಮಲೆಬೆನ್ನೂರು ಸ್ಟ್ಯಾಂಡಿನಾಗೆ ಚಹಾ ಕುಡಿದು ಲೋಟ ಎಲ್ಲಿ ಇಟ್ಟೆ ಹೇಳು ನೋಡಾಣ. ಬಂದ್ಬಿಟ್ಟ ನನ್ನ ನೆನಪು ಅಳೆಯಾಕೆ.

ಕಾರ್ಡು ಸುಟ್ಟಿಲ್ಲ. ಮಂಡಕ್ಕಿ, ಹೌದು. ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಸುಟ್ಟಿಲ್ಲ.

ಗ್ರೂಪಿಗೆ ಹೊಸದಾಗಿ ಸೇರಿದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ನಾನು ಹರಿಹರದವನು, ಲಾರಿ ಡ್ರೈವರ್. ಭಾನುವಳ್ಳಿಯ ಹುಲಿಯಪ್ಪನೂ ಲಾರಿ ಡ್ರೈವರ್. ಭತ್ತ, ಅಕ್ಕಿ, ಮಂಡಕ್ಕಿ, ಹೆಂಚು, ಗಾಜು, ನಾವಿಬ್ಬರೂ ಹೇರದ ಸಾಮಾನಿಲ್ಲ, ಜೋಡಿಯಾಗಿ ಇಳಿಯದ ಘಾಟಿಯಿಲ್ಲ. ಜೋಡಿ ಗಾಡಿ ಹೊರಟರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ನಿಧಾನದ ಗಾಡಿ ಮುಂದೆ, ಜೋರಿನ ಗಾಡಿ ಹಿಂದೆ. ಜೋರಿನವನು ಮುಂದೆ ಹೋದರೆ ಹಿಂದಿನವನು ಎಲ್ಲಿ ಕೆಟ್ಟು ನಿಂತನೋ ಅವನಿಗೆ ಗೊತ್ತಾಗುವುದಿಲ್ಲ. ನಿಧಾನದವನು ಮುಂದಿದ್ದರೆ ಯಾರೂ ರಸ್ತೆಯಲ್ಲಿ ಒಂಟಿಯಾಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ವಯಸ್ಸಾದ ಮೇಲೆ ನನ್ನ ಮಂಡಿ ಹೋಯಿತು. ಹುಲಿಯಪ್ಪನಿಗೆ ಸಕ್ಕರೆ ಕಾಯಿಲೆ, ಬಲಗಾಲನ್ನೇ ತೆಗೆದರು. ಆಸ್ಪತ್ರೆಯಿಂದ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಹೆಂಡತಿ ಸುಂಕಲಮ್ಮ ಇಟ್ಟ ರೊಟ್ಟಿ ಇಟ್ಟಲ್ಲೇ ಒಣಗುತ್ತಿತ್ತು. ನಾನು ಭಾನುವಳ್ಳಿಗೆ ಹೋಗಿ ಪಕ್ಕದಲ್ಲಿ ಕೂತು ಬಾಯಿ ನೋಯುವಷ್ಟು ಮಾತಾಡಿದರೂ ಆ ಬೆನ್ನು ತಿರುಗುತ್ತಿರಲಿಲ್ಲ. ನನ್ನ ಬಾಯಿ ನಿಮಗೆ ಗೊತ್ತಲ್ಲ. ಅದಕ್ಕೂ ತಿರುಗಲಿಲ್ಲ ಎಂದರೆ ಲೆಕ್ಕ ಹಾಕಿಕೊಳ್ಳಿ.

ಆಗ ಅವನ ಮಗ ಅಂಜನಕುಮಾರ ಒಂದು ಒಳ್ಳೆಯ ಕೆಲಸ ಮಾಡಿದ. ಲಾರಿ ಓಡಿಸುವ ಆಟ ಇರುವ ಕಂಪ್ಯೂಟರ್ ತಂದು, ಸ್ಟೇರಿಂಗ್ ಸಿಕ್ಕಿಸಿ ಅಪ್ಪನ ಮಂಚದ ಪಕ್ಕ ಇಟ್ಟ. ಎಕ್ಸಲೇಟರ್ ಕೈಗೆ ಸಿಗುವಂತೆ ಮಾಡಿದ, ಬ್ರೇಕ್ ಎಡಗಾಲಿಗೆ. ಅದೇ ಆಟವನ್ನು ನನ್ನ ಕಂಪ್ಯೂಟರಿಗೂ ಹಾಕಿಕೊಟ್ಟ. ನನ್ನದು ಎಂದರೆ ನನ್ನ ಮೊಮ್ಮಗ ತೌಸೀಫನ ಹಳೆಯ ಗೇಮಿಂಗ್ ಕಂಪ್ಯೂಟರ್. ಮದುವೆಯಾಗಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಮನೆ ಮಾಡಿದಾಗ, "ಹೆಂಡ್ತಿ ಇದನ್ನ ಒಳಗೆ ಸೇರ್ಸಲ್ಲ ದಾದಾ, ನೀವೇ ಇಟ್ಕೊಳ್ರಿ" ಎಂದು ಬಿಟ್ಟುಹೋಗಿದ್ದ.

ಸಂಜೆಯ ಅಸರ್ ನಮಾಜು ಮುಗಿಸಿ ನಾನು ಹರಿಹರದಲ್ಲಿ ಕೂತರೆ, ಅವನು ಭಾನುವಳ್ಳಿಯಲ್ಲಿ ಕೂರುತ್ತಿದ್ದ. ಪರದೆಯ ಮೇಲೆ ಎರಡು ಲಾರಿ, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಅವನ ಬೈಗುಳ. "ಲೇ ಹಯಾತ್, ಡಿಪ್ಪರ್ ಹೊಡೀಲೇ, ನಿಮ್ಮಪ್ಪನ ರಸ್ತೆನಾ ಇದು?" ಮೊದಲ ಸಲ ಆ ಬೈಗುಳಕ್ಕೆ ನಾನು ಜೋರಾಗಿ ನಕ್ಕಾಗ ನಮ್ಮ ಮನೆಯಲ್ಲಿ ಸಿದ್ದೀಕಾ ಒಲೆಯ ಮುಂದಿನಿಂದ ಎದ್ದು ಬಂದು ನಿಂತಳು. ಸಿದ್ದೀಕಾ ನನ್ನ ಹೆಂಡತಿ. "ಹುಲಿಯಣ್ಣ ಬೈತಾ ಇದಾನಾ? ಹಂಗಾದ್ರೆ ಆರಾಮಾದ ಬಿಡ್ರಿ" ಎಂದಳು.

ಹಾಗೆ ಚೆನ್ನಾಗಿ ನಡೆಯುತ್ತಿತ್ತು. ಆಮೇಲೆ ಆಟಕ್ಕೆ ಹೊಸ ರೂಪ ಬಂತು. ಹೊಸ ರಸ್ತೆ, ಹೊಸ ಊರು, ಮಳೆ ಬಂದರೆ ಗಾಜಿನ ಮೇಲೆ ಹನಿ ಜಾರುವುದೂ ಕಾಣುತ್ತದೆ. ಹುಲಿಯಪ್ಪನ ಹೊಸ ಯಂತ್ರಕ್ಕೆ ಅದು ಏನೂ ಅಲ್ಲ. ನನ್ನದು ಏದುಸಿರು ಬಿಡತೊಡಗಿತು. ರಸ್ತೆ ತಡೆತಡೆದು ಬರುತ್ತಿತ್ತು. ಮುಂದಿನ ಲಾರಿ ಅಷ್ಟು ದೂರ ಕಂಡರೆ ಮರುಕ್ಷಣ ಮೂಗಿನ ಮುಂದೆ.

"ನೀನು ಮುಂದ ಹೋಗು, ನಾನು ಹಿಂದ ಬರ್ತೀನಿ" ಎಂದು ಹುಲಿಯಪ್ಪ ಹೇಳುತ್ತಲೇ ಇದ್ದ. ನಾನು ಹೋಗಲಿಲ್ಲ. ಮುಂದೆ ಹೋದರೆ ನನ್ನದು ನಿಧಾನದ ಗಾಡಿ ಎಂದು ಒಪ್ಪಿಕೊಂಡಂತಲ್ಲವೇ? ಒಂದು ದಿನ ನನ್ನ ಪರದೆ ಕಲ್ಲಿನಂತೆ ನಿಂತಿತು. ಮತ್ತೆ ಹರಿದಾಗ ನನ್ನ ಲಾರಿ ಅವನ ಲಾರಿಯ ಬೆನ್ನಿಗೆ ನುಗ್ಗಿತ್ತು. ಅವನ ಗಾಡಿ ಸೇತುವೆಯಿಂದ ಕೆಳಗೆ.

"ನಿಂದು ಬ್ರೇಕ್ ಲೈಟ್ ಹತ್ತಲಿಲ್ಲ" ಎಂದೆ.

"ಹತ್ತಿತ್ತಲೇ. ನಿನ್ನ ಕಣ್ಣಿಗೆ ಬರಲಿಲ್ಲ. ಮುದುಕಿ ಗಾಡಿ ಇಟ್ಕೊಂಡು ನನ್ನ ಹಿಂದ ಯಾಕ ಬರ್ತೀ?"

"ನಂದು ಮುದುಕಿ ಗಾಡಿ ಅಲ್ಲ."

"ಹಂಗಾದ್ರೆ ಸರಿ ಮಾಡ್ಸು. ಅಲ್ಲೀ ತನಕ ನಾನೂ ಕೀಲಿ ತಿರುವಲ್ಲ. ಒಬ್ನೇ ಓಡ್ಸಾಕೆ ನನಗೇನು ಹುಚ್ಚಾ?"

ಸಿಟ್ಟಿಗೆ ಅಂದಿದ್ದಾನೆ, ನಾಳೆ ಬರುತ್ತಾನೆ ಎಂದುಕೊಂಡೆ. ಬರಲಿಲ್ಲ. ಆ ವಾರವೇ ಅಂಜನಕುಮಾರ ಫೋನ್ ಮಾಡಿದ. "ಕಾಕಾ, ಅಪ್ಪ ಮತ್ತೆ ಗೋಡೆ ಕಡೆ ಮಲಗ್ಯಾನೆ. ಉಣ್ಣಾಕೂ ಏಳವಲ್ಲ. ಜಲ್ದಿ ಏನಾರ ಮಾಡ್ರಿ."

ಅಷ್ಟು ಸಾಕಾಯಿತು. ಯಂತ್ರ ಸರಿ ಮಾಡಿಸಿಯೇ ಸೈ ಎಂದು ಎದ್ದೆ.

ತೌಸೀಫನ ತಂಗಿ ಇರಮ್ ನಮ್ಮ ಜೊತೆಗೇ ಇದ್ದಾಳೆ, ದಾವಣಗೆರೆಗೆ ಕಾಲೇಜಿಗೆ ಹೋಗಿಬರುತ್ತಾಳೆ. ಅವಳು ಸ್ಕ್ರೂ ಬಿಚ್ಚಿ ಕಂಪ್ಯೂಟರಿನ ಪಕ್ಕೆ ತೆಗೆದಳು. ಸಿದ್ದೀಕಾ ಇಣುಕಿದಳು. "ಯಾ ಅಲ್ಲಾ, ಕೋಳಿ ಗೂಡೂ ಇದಕ್ಕಿಂತ ಚಂದ ಇರುತ್ತೆ." ಧೂಳೆಲ್ಲ ಹೊಡೆದೆವು. ಸದ್ದು ಕಡಿಮೆಯಾಯಿತು, ತಡೆಯುವುದು ಕಡಿಮೆಯಾಗಲಿಲ್ಲ. ಅಂದರೆ ಸಾಮಾನು ಬದಲಿಸಲೇಬೇಕು. ನನ್ನ ಕೈಯಲ್ಲಿದ್ದುದು ಒಂದು ಸಾಮಾನಿಗೆ ಆಗುವಷ್ಟು. ಯಾವುದು ಆ ಒಂದು?

"ಪ್ರೊಸೆಸರ್ ಅಂದ್ರೆ ಎಂಜಿನ್ನು ದಾದಾ" ಎಂದಳು ಇರಮ್. "ಇದು ಹಳೇದು, ನಿಜ. ಆದ್ರೆ ಅದನ್ನ ಬದಲಿಸಿದ್ರೆ ಮದರ್‌ಬೋರ್ಡೂ ಬದಲಿಸ್ಬೇಕು, ರ್‍ಯಾಮೂ ಬದಲಿಸ್ಬೇಕು."

"ಎಂಜಿನ್ನು, ಚಾಸಿ, ಗೇರ್‌ಬಾಕ್ಸು ಎಲ್ಲ ಹೊಸದಾದ್ರೆ ನಂದು ಅಂತ ಉಳಿಯೋದೇನು, ಹಾರ್ನಾ?"

ಅವಳು ಆಟ ಓಡಿಸಿ, ಯಾವ ಸಾಮಾನು ಎಷ್ಟು ದುಡಿಯುತ್ತಿದೆ ಎಂದು ಗೆರೆಗಳಲ್ಲಿ ತೋರಿಸಿದಳು. ಎಂಜಿನ್ನು ಅರ್ಧವೇ ದುಡಿಯುತ್ತಿತ್ತು. ರ್‍ಯಾಮಿನಲ್ಲಿ ಇನ್ನೂ ಜಾಗವಿತ್ತು. ಗ್ರಾಫಿಕ್ಸ್ ಕಾರ್ಡು, ಪರದೆಗೆ ಚಿತ್ರ ಬರೆದುಕೊಡುವ ಆ ಹಲಗೆ, ಅದರ ಗೆರೆ ಮಾತ್ರ ತಾರಸಿಗೆ ತಲೆ ಕೊಟ್ಟು ನಿಂತಿತ್ತು. ತಗಾದೆ ಮುಗಿಯಿತು. ಕಾರ್ಡು.

ದಾವಣಗೆರೆಯ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಅರ್ಬಾಜ್ ಎಂಬವನ ಅಂಗಡಿ ಇದೆ, ಕಂಪ್ಯೂಟರಿನ ಹಳೆಯ ಸಾಮಾನು ಮಾರುತ್ತಾನೆ. ಎರಡು ಕಾರ್ಡು ತೋರಿಸಿದ. ಒಂದು ಅಂಗೈಯಗಲ, ಒಂದೇ ಫ್ಯಾನು. ಇನ್ನೊಂದು ಮೊಳದುದ್ದ, ಮೂರು ಫ್ಯಾನು, ಮದುವೆ ಛತ್ರ ಇದ್ದ ಹಾಗೆ.

"ಅದೇ ಕೊಡು" ಎಂದೆ.

"ಕಾಕಾ, ನಿಮ್ಮ ಪವರ್ ಸಪ್ಲೈ ಎಷ್ಟು ಹಳೇದು? ಗೋಡೆ ಕರೆಂಟನ್ನ ಒಳಗಿನ ಸಾಮಾನಿಗೆಲ್ಲ ಹಂಚೋ ಡಬ್ಬ. ದೊಡ್ಡ ಕಾರ್ಡು ಜಾಸ್ತಿ ಎಳೆಯುತ್ತೆ. ಮೊದ್ಲು ಅದನ್ನ..."

"ಲಾರಿ ಓಡ್ಸಿದೋನು ನಾನು, ನನಗೆ ಹೇಳ್ತೀಯಾ? ಡಬ್ಬ ಇರ್ಲಿ, ನೀನು ಕಾರ್ಡು ಕಟ್ಟು."

ಕಟ್ಟುವುದಕ್ಕೆ ಅವನ ಬಳಿ ಪೆಟ್ಟಿಗೆಯಿರಲಿಲ್ಲ. ತೆಳ್ಳನೆ ಕವರಿನಲ್ಲಿ ಸುತ್ತಿಕೊಟ್ಟ. ಹರಿಹರದ ಬಸ್ಸಿನ ಕುಲುಕಾಟ ನಿಮಗೆ ಗೊತ್ತು. ಈ ಕವರನ್ನು ತೊಡೆಯ ಮೇಲಿಟ್ಟುಕೊಂಡರೆ ಮನೆ ಮುಟ್ಟುವಷ್ಟರಲ್ಲಿ ಮೂರು ಫ್ಯಾನೂ ಆರಾಗುತ್ತವೆ. ಆಗ ನನಗೆ ಹಳೆಯ ಬುದ್ಧಿ ಹೊಳೆಯಿತು. ಲಾರಿಯಲ್ಲಿ ಗಾಜಿನ ಬಳೆ, ಚಿಮಣಿ ಗ್ಲಾಸು ಸಾಗಿಸುವಾಗ ಭತ್ತದ ಹೊಟ್ಟಿನಲ್ಲಿ ಹೂಳುತ್ತಿದ್ದೆವು. ಘಾಟಿಯಲ್ಲಿ ನಮ್ಮ ಸೊಂಟ ಮುರಿದರೂ ಗಾಜು ಮುರಿಯುತ್ತಿರಲಿಲ್ಲ. ಅಶೋಕ ರಸ್ತೆಯಲ್ಲಿ ಹೊಟ್ಟು ಎಲ್ಲಿಂದ ತರಲಿ? ಆದರೆ ಕೈಯಲ್ಲಿ ಸಿದ್ದೀಕಾಗೆಂದು ಕೊಂಡ ಮಂಡಕ್ಕಿ ಚೀಲವಿತ್ತು. ಹೊಟ್ಟೂ ಭತ್ತದ್ದೇ, ಮಂಡಕ್ಕಿಯೂ ಭತ್ತದ್ದೇ. ಚೀಲ ಬಿಚ್ಚಿ ಕಾರ್ಡನ್ನು ನಟ್ಟನಡುವೆ ಹೂತೆ.

ಬಸ್ಸಿನಲ್ಲಿ ಒಂದು ಏಟೂ ತಾಗಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ ನೋಡಿ.

ಮನೆಯಲ್ಲಿ ಇರಮ್ ಚೀಲಕ್ಕೆ ಕೈ ಹಾಕಿ ಕಾರ್ಡನ್ನು ಮೇಲೆತ್ತಿದಳು. ಕವರು ಎಲ್ಲೋ ಜಾರಿತ್ತು. ಮೂರೂ ಫ್ಯಾನಿನಿಂದ ಮಂಡಕ್ಕಿ ಬಳಬಳ ಸುರಿಯಿತು.

"ದಾದಾ, ಇದು ಗ್ರಾಫಿಕ್ಸ್ ಕಾರ್ಡಾ, ಖಾರಾ ಮಂಡಕ್ಕಿನಾ?"

"ತಡಿ, ಈರುಳ್ಳಿ ಹೆಚ್ಚಿ ತರ್ತೀನಿ" ಎಂದಳು ಸಿದ್ದೀಕಾ.

ಇರಮ್ ನಗಲಿಲ್ಲ. "ಮಂಡಕ್ಕಿಗೆ ಉಪ್ಪುನೀರು ಹಾಕಿರ್ತಾರೆ ದಾದಾ. ಉಪ್ಪು ಕೂತ್ರೆ ಕಥೆ ಮುಗೀತು." ಬ್ರಶ್ಶಿನಲ್ಲಿ ಗುಡಿಸಿದಳು, ಕಾರ್ಡಿನ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಲ್ಲಿ ಉಜ್ಜಿದಳು, ಕೂರಿಸಿದಳು.

ಹತ್ತಿತು. ರಸ್ತೆ ರೇಷ್ಮೆ ಹಾಸಿದ ಹಾಗೆ. ಎಲೆ ಎಲೆಯೂ ಕಾಣುತ್ತಿತ್ತು. ಬಯಲಿನಲ್ಲಿ ಲಾರಿ ಗಾಳಿಯಂತೆ ಹೋಯಿತು. ಮಳೆ ಶುರುವಾಗಿ, ಊರೊಳಗೆ ಹೊಕ್ಕು, ಎದುರಿಗೆ ದೀಪಗಳ ಸಾಲು ಬಂತು ನೋಡಿ, ಟಕ್. ಕತ್ತಲೆ. ಕಂಪ್ಯೂಟರೇ ಸತ್ತಿತು. ಮತ್ತೆ ಹಚ್ಚಿದೆವು. ಬಯಲಲ್ಲಿ ಓಟ, ಊರಲ್ಲಿ ಟಕ್.

"ಉಪ್ಪು ಸೇರ್ಕೊಂಡೈತೆ" ಎಂದಳು ಇರಮ್, ಸಣ್ಣ ದನಿಯಲ್ಲಿ.

"ಸುಟ್ಟೋತು ಬಿಡ್ರಿ" ಎಂದಳು ಸಿದ್ದೀಕಾ, ದೊಡ್ಡ ದನಿಯಲ್ಲಿ. ನಿಮ್ಮ ಬಾಯಲ್ಲಿರುವ 'ಸುಟ್ಟಿತು' ಹುಟ್ಟಿದ್ದು ಅಲ್ಲಿ.

ನಾನು ಬಗ್ಗಿ ಮೂಸಿದೆ. ಕ್ಲಚ್ ಪ್ಲೇಟ್ ಸುಟ್ಟರೂ, ವೈರ್ ಸುಟ್ಟರೂ ವಾಸನೆ ಬರಬೇಕು. ಇಲ್ಲಿ ಬರೀ ಮಂಡಕ್ಕಿಯ ವಾಸನೆ. ಸುಟ್ಟಿಲ್ಲ ಎಂದೆ. ಯಾರೂ ನಂಬಲಿಲ್ಲ. ಅಂಜನಕುಮಾರನಿಗೆ ಫೋನ್ ಮಾಡಿ, "ಅಪ್ಪಗೆ ಹೇಳು, ಇನ್ನೊಂದು ಸ್ವಲ್ಪ ತಡಿ ಅಂತ" ಎಂದೆ. "ಹೇಳಿದ್ರೆ ಕೇಳೋ ಹಂಗಿಲ್ಲ ಕಾಕಾ" ಎಂದ.

ತಡೀರಿ, ಸಿದ್ದೀಕಾ ಕರೀತಾ ಇದಾಳೆ. ...ಏನಿಲ್ಲ, ನಾನು ದೊಡ್ಡ ದನಿ ಅಂದಿದ್ದು ಕೇಳಿಸ್ತಂತೆ. ಹಂಗೆ ಅಂದಿದ್ದು ಸುಳ್ಳಾ ಅಂತ ಕೇಳಿದ್ರೆ, ಹೌದು ಸುಳ್ಳು ಅನ್ನೋದನ್ನೂ ದೊಡ್ಡ ದನಿನಾಗೇ ಹೇಳಿದ್ಲು. ಇರ್ಲಿ.

ಬೆಳಿಗ್ಗೆ ಇಡೀ ಕಂಪ್ಯೂಟರನ್ನೇ ಹೊತ್ತುಕೊಂಡು ಹೊರಟೆ. ಇರಮ್ ಕಾಲೇಜು ಬಿಟ್ಟು ಜೊತೆಗೆ ಬಂದಳು. ಈ ಸಲ ಸಿದ್ದೀಕಾಳ ಹಳೆಯ ರಜಾಯಿ ಸುತ್ತಿದ್ದೆವು. ಪಕ್ಕದ ಸೀಟಿನವನು ಮಗು ಮಲಗಿದೆಯೆಂದು ಕಾಲು ಸರಿಸಿ ಜಾಗ ಕೊಟ್ಟ. ನಾನೂ ಇಲ್ಲ ಎನ್ನಲಿಲ್ಲ.

ಅರ್ಬಾಜ್ ಕಾರ್ಡನ್ನು ತನ್ನ ಅಂಗಡಿಯ ಯಂತ್ರಕ್ಕೆ ಹಾಕಿದ. ಮಳೆ, ಊರು, ದೀಪ, ಜನ, ಏನು ತೋರಿಸಿದರೂ ಓಡಿತು. ನಾವು ಚಹಾ ತರಿಸಿ ಕುಡಿದೆವು, ಆಗಲೂ ಓಡುತ್ತಿತ್ತು.

"ಕಾರ್ಡಿಗೆ ಏನೂ ಆಗಿಲ್ಲ" ಎಂದ. ಆಮೇಲೆ ನನ್ನ ಕಂಪ್ಯೂಟರಿನೊಳಗೆ ಕೈ ಹಾಕಿ ಸಪ್ಲೈ ಡಬ್ಬ ತೆಗೆದು ಅಂಗೈಯಲ್ಲಿ ತೂಗಿದ. "ಇದರ ಕೈಲಿ ಆಗವಲ್ದು. ಬಯಲಿನಾಗೆ ಕಾರ್ಡು ಕಮ್ಮಿ ಎಳೆಯುತ್ತೆ, ನಡೀತು. ಊರಿನಾಗೆ ಜಾಸ್ತಿ ಕೇಳುತ್ತೆ, ಇದು ಕೈ ಎತ್ತುತ್ತೆ. ಅವತ್ತೇ ಹೇಳಿದ್ನಲ್ಲ ಕಾಕಾ?"

"ಹೇಳಿದ್ದೆ."

"ಮತ್ತೆ?"

"ಜೋರಾಗಿ ಹೇಳ್ಬೇಕಪ್ಪ ಇಂಥವನ್ನ."

ಇರಮ್ ನನ್ನ ಕಿವಿಯ ಹತ್ತಿರ ಬಂದಳು. "ದೊಡ್ಡ ಕಾರ್ಡು ಇಟ್ಕೊಳ್ಳಾಣ ದಾದಾ. ನಾಕು ತಿಂಗಳು ತಡೆದು ಒಳ್ಳೆ ಸಪ್ಲೈ ಹಾಕ್ಸಾಣ. ಆಮೇಲೆ ಐದು ವರ್ಷ ನೋಡ್ಬೇಕಾಗಿಲ್ಲ."

ಬುದ್ಧಿವಂತರ ಮಾತು ಅದು. ಆದರೆ ನಾಲ್ಕು ತಿಂಗಳು ಗೋಡೆ ನೋಡಿದ ಮನುಷ್ಯ ಮತ್ತೆ ತಿರುಗುತ್ತಾನೆಯೇ? ನಾನು ಅಲ್ಲೇ ತೀರ್ಮಾನ ಮಾಡಿದೆ. ಅರ್ಬಾಜನಿಗೆ ಹೇಳಿದೆ. "ಈ ಮೂರು ಫ್ಯಾನಿಂದು ವಾಪಸ್ ತಗೋ. ಆ ಒಂದು ಫ್ಯಾನಿನ ಸಣ್ಣ ಕಾರ್ಡು ಕೊಡು, ಜೊತೆಗೆ ಹೊಸ ಸಪ್ಲೈ ಡಬ್ಬ ಕೊಡು. ಅದಕ್ಕೂ ಇದಕ್ಕೂ ಸರಿಹೋಗುತ್ತೆ."

"ಸರಿಹೋಗುತ್ತೆ, ನಿಜ" ಎಂದ ಅರ್ಬಾಜ್. ಕಾರ್ಡನ್ನು ಬೆಳಕಿಗೆ ಹಿಡಿದ. "ಆದ್ರೆ ಇದರಾಗೆ ಮಂಡಕ್ಕಿ ಐತೆ ಕಾಕಾ. ನಾಳೆ ಇದನ್ನ ಕೊಂಡೋನು ಬಂದು ನನ್ನ ಮುಖಕ್ಕೆ ಎಸೀತಾನೆ. ವಾಪಸ್ ಆಗಲ್ಲ."

ನಿಜ, ಫ್ಯಾನಿನ ಕೆಳಗಿನ ತಗಡಿನ ಸಂದುಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕಾಳು ಮಿಣುಕುತ್ತಿತ್ತು.

"ತೆಗೆದುಕೊಟ್ರೆ?"

"ಪೇಪರ್ ಹಾಸಿ ಕೊಡವ್ತೀನಿ. ಒಂದು ಕಾಳು ಬಿದ್ರೂ ನಿಮ್ಮ ಕಾರ್ಡು ನಿಮಗೆ."

"ಆಯ್ತು, ಸ್ಟೂಲ್ ಕೊಡು."

ಕೂತೆ. ಇರಮಳ ದುಪಟ್ಟಾದ ಪಿನ್ನು ತೆಗೆದುಕೊಂಡೆ. ಗಾಳಿ ಊದುವ ಯಂತ್ರ ಹಚ್ಚಿದರೆ ಕಾಳು ಇನ್ನೂ ಒಳಗೆ ಹೋಗಿ ಕೂರುತ್ತಿತ್ತು, ಅದನ್ನು ಬಿಟ್ಟೆ. ಒಂದೊಂದೇ ಸಂದು, ಒಂದೊಂದೇ ಕಾಳು. ಗಿರಾಕಿಗಳು ಬಂದರು, ಹೋದರು. "ಇದೇನು ಅಜ್ಜ ಮಾಡೋದು?" ಎಂದು ಒಬ್ಬ ಕೇಳಿದ. "ಅಕ್ಕಿ ಆರಿಸ್ತಾ ಇದೀನಿ, ಮುಂದ ಹೋಗು" ಎಂದೆ. ಇರಮ್ ಮೊಬೈಲಿನ ಬೆಳಕು ಹಿಡಿದೂ ಹಿಡಿದೂ ಕೈ ಬದಲಿಸಿದಳು. ನನ್ನ ಮಂಡಿ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಆದರೂ ಕೊನೆಯ ಸಂದಿನ ತನಕ ಬಿಡಲಿಲ್ಲ.

"ಕೊಡವು" ಎಂದೆ.

ಅರ್ಬಾಜ್ ಪೇಪರ್ ಹಾಸಿದ. ಕಾರ್ಡನ್ನು ಬೋರಲು ಹಿಡಿದು ಕೊಡವಿದ. ಏನೂ ಬೀಳಲಿಲ್ಲ. ಮತ್ತೆ ಕೊಡವಿದ. ಇಲ್ಲ. ಮೂರನೇ ಸಲ ಬೆನ್ನಿಗೆ ಒಂದು ತಟ್ಟು ತಟ್ಟಿದ, ನೋಡಿ, ಎಲ್ಲಿತ್ತೋ ಹಾಳಾದದ್ದು, ಒಂದೇ ಒಂದು ಕಾಳು ಪೇಪರಿನ ಮೇಲೆ ಟಪ್ ಎಂದು ಬಿತ್ತು.

ಅರ್ಬಾಜ್ ಕಾಳನ್ನು ನೋಡಿದ. ಇರಮ್ ಕಣ್ಣು ಮುಚ್ಚಿಕೊಂಡಳು.

ನಾನು ಕೈ ಚಾಚಿ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಅಗಿದೆ. ನುಂಗಿದೆ.

"ಎಲ್ಲೈತಪ್ಪ ಮಂಡಕ್ಕಿ?" ಎಂದೆ.

ಅರ್ಬಾಜ್ ಪೇಪರಿನತ್ತ ಬೆರಳು ಮಾಡಿದ. "ಕಾಕಾ, ಅದು... ನಾನು ನೋಡಿದ್ನಲ್ಲ!"

"ನೋಡಿದ್ದನ್ನ ತೋರ್ಸು."

ಪೇಪರ್ ಖಾಲಿ. ಅಂಗಡಿಯಲ್ಲಿದ್ದವರೆಲ್ಲ ನಗತೊಡಗಿದರು, ಆಮೇಲೆ ಅರ್ಬಾಜನೂ ಕೌಂಟರ್ ಹಿಡಿದುಕೊಂಡು ನಕ್ಕ. "ಒಂದು ಆಟಕ್ಕೆ ಇಷ್ಟು ಹಟ ಯಾಕ ಕಾಕಾ ನಿಮಗೆ?" ಎಂದು ಕೇಳಿದ. ಹುಲಿಯಪ್ಪನ ವಿಷಯ ಹೇಳಿದೆ. ಕಾಲು, ಗೋಡೆ, ರೊಟ್ಟಿ, ಎಲ್ಲ. ಅವನ ನಗು ನಿಂತಿತು. ಸಣ್ಣ ಕಾರ್ಡು, ಹೊಸ ಡಬ್ಬ ಎರಡನ್ನೂ ತಾನೇ ಕೂರಿಸಿ, ಮಳೆಯಲ್ಲಿ ಊರೊಳಗೆ ಲಾರಿ ಓಡಿಸಿ ತೋರಿಸಿದ. ರಜಾಯಿಯನ್ನೂ ತಾನೇ ಸುತ್ತಿ ಬಸ್ಸಿನ ತನಕ ತಂದ. "ದಾರಿನಾಗೆ ಮಂಡಕ್ಕಿ ಅಂಗಡಿ ಕಂಡ್ರೆ ಕಣ್ಮುಚ್ಕೊಳ್ರಿ" ಎಂದು ಕಿಟಕಿಯಲ್ಲಿ ಹೇಳಿದ.

ಮನೆಗೆ ಬಂದು ಅಂಜನಕುಮಾರನಿಗೆ ಫೋನ್ ಹಚ್ಚಿದೆ. "ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕು. ಅವನು ಬೈದ್ರೂ ಹಾಕು."

ಸಣ್ಣ ಕಾರ್ಡಲ್ಲವೇ, ನೆರಳು, ಗಾಜಿನ ಹನಿ ಎಲ್ಲ ಇರಮ್ ತೆಗೆದುಹಾಕಿದ್ದಳು. ರಸ್ತೆ ಪಕ್ಕದ ಮರಗಳು ಅಂಗನವಾಡಿ ಮಕ್ಕಳು ಬರೆದಂತೆ ಕಾಣುತ್ತಿದ್ದವು. ಆದರೆ ರಸ್ತೆ ತಡೆಯದೆ ಹರಿಯುತ್ತಿತ್ತು. ನಾನು ಲಾರಿ ನಿಲ್ಲಿಸಿಕೊಂಡು ಕಾದೆ. ಆ ಕಡೆ ಉಸಿರು ಕೇಳಿಸಿತು. ಕೊನೆಗೆ ಗೊಗ್ಗರು ದನಿ ಬಂತು.

"ಸರಿ ಆತಾ?"

"ಆತು. ನಾನು ಮುಂದ ಹೋಗ್ತೀನಿ."

"ಏನಂದಿ?"

"ನಂದು ನಿಧಾನದ ಗಾಡಿ ಕಣಲೇ. ನಾನು ಮುಂದ. ನೀನು ಹಿಂದ ಬಾ."

ಆಮೇಲೆ ನನ್ನ ಕನ್ನಡಿಯಲ್ಲಿ ಅವನ ಲಾರಿಯ ದೀಪ ಹತ್ತಿತು. ಡಿಪ್ಪರ್ ಹೊಡೆದ.

ಬಯಲು ದಾಟಿದೆವು. ಮಳೆ ಬಂತು. ಊರು ಬಂತು. ದೀಪಗಳ ಸಾಲಿನೊಳಗೆ ಹೊಕ್ಕೆವು, ಆ ಕಡೆಯಿಂದ ಹೊರಗೆ ಬಂದೆವು. ಟಕ್ ಎನ್ನಲಿಲ್ಲ.

"ಇಷ್ಟು ತಡ ಯಾಕಲೇ ಮಾಡ್ದೆ?" ಎಂದ ಹುಲಿಯಪ್ಪ.

ಹೇಳಿದೆ. ಚೀಲ, ಬಸ್ಸು, ಮಂಡಕ್ಕಿ, ಪಿನ್ನು. ಕಾಳು ತಿಂದದ್ದನ್ನು ಹೇಳುವಷ್ಟರಲ್ಲಿ ಆ ಕಡೆಯಿಂದ ಎಂಥದೋ ಸದ್ದು ಬರತೊಡಗಿತು. ಅಳುತ್ತಾನೇನೋ ಎಂದು ಹೆದರಿದೆ. ನಗುತ್ತಿದ್ದ ಮಾರಾಯ. ಉಸಿರು ಸಿಗದ ಹಾಗೆ ನಗುತ್ತಿದ್ದ. ಕನ್ನಡಿಯಲ್ಲಿ ಅವನ ಲಾರಿ ರಸ್ತೆ ಬಿಟ್ಟು ಗದ್ದೆಗೆ ಇಳಿಯುವುದು ಕಾಣಿಸಿತು. ಹಿಂದಿನಿಂದ ಅಂಜನಕುಮಾರ "ಅಪ್ಪಾ, ಬ್ರೇಕ್! ಬ್ರೇಕ್!" ಎಂದು ಕೂಗುತ್ತಿದ್ದ. ಸುಂಕಲಮ್ಮ ಏನಾಯಿತೆಂದು ಓಡಿಬಂದದ್ದೂ ಕೇಳಿಸಿತು. ನಾನು ಮುಂದೆ ಗಾಡಿ ನಿಲ್ಲಿಸಿ, ಅವನು ಗದ್ದೆಯಿಂದ ಮೇಲೆ ಬರುವ ತನಕ ಕಾದೆ.

ಮಾರನೇ ದಿನದಿಂದ ಅವನು ನೋಡಲು ಬಂದವರಿಗೆಲ್ಲ ಇದನ್ನೇ ಹೇಳಿದ. ಬಂದವರು ಭಾನುವಳ್ಳಿ ಬಸ್ಸಿನಲ್ಲಿ ಹೇಳಿದರು. ಸಿದ್ದೀಕಾಳ 'ಸುಟ್ಟೋತು' ಹರಿಹರದಿಂದ ಬಂದು ಅದಕ್ಕೆ ಸೇರಿತು. ಮಲೆಬೆನ್ನೂರು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಂಡಕ್ಕಿಗೆ ಬೆಂಕಿ ಬಿದ್ದು, ಕಂಪ್ಯೂಟರ್ ಹತ್ತಿ, ನನ್ನ ಗಡ್ಡವೂ ಅರ್ಧ ಸುಟ್ಟಿತ್ತಂತೆ.

ಅದಕ್ಕೇ ಹೇಳ್ತೀನಿ ಕೇಳ್ರಿ. ನಗಬ್ಯಾಡ್ರಿ ಅನ್ನಲ್ಲ. ಹುಲಿಯಪ್ಪ ನಕ್ಕ ಮೇಲೆ ನೀವು ನಕ್ರೆ ನನಗೇನು. ಆದ್ರೆ ಸುಟ್ಟಿತು ಅನ್ನೋದನ್ನ ತೆಗೀರಿ, ತಿಂದ ಅನ್ನೋದನ್ನ ಸೇರಿಸ್ರಿ. ಮತ್ತೆ ಹಳೇ ಕಂಪ್ಯೂಟರ್ ಇಟ್ಕೊಂಡೋರು ಯಾರಾರ ಸಿಕ್ರೆ, ಕಾರ್ಡು ಕೊಳ್ಳೋಕೆ ಮುಂಚೆ ಡಬ್ಬ ನೋಡ್ಕೊಳ್ಳಾಕೆ ಹೇಳ್ರಿ, ಜೋರಾಗಿ ಹೇಳ್ರಿ. ತಿಮ್ಮೇಶ, ನೀನು ಈ ವಾಯ್ಸ್ ಮೆಸೇಜನ್ನ ಸ್ಟ್ಯಾಂಡಿನಾಗೆ ಎಲ್ಲರಿಗೂ ಕೇಳೋ ಹಂಗೆ ಹಾಕು. ನಿಮ್ಮ ನಿಮ್ಮ ಬ್ಯಾರೆ ಗ್ರೂಪಿಗೂ ಕಳಿಸ್ರಿ, ಮೊದ್ಲಿಂದ ಕೊನೀ ತನಕ ಕಳಿಸ್ರಿ, ಅರ್ಧ ಕತ್ತರಿಸಬ್ಯಾಡ್ರಿ.